ಹುಲ್ಲಿಗೂ ಬಿಡುವು ಬೇಕು

ಮುಂಗಾರಿನ ಮೊದಲ ಹದಮಳೆ ಬಿದ್ದದ್ದೇ ತಡ, ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಲ್ಲಿನವೇ. ವರುಣಾ ಕಡೆಯ ಹೈನುಗಾರರೊಬ್ಬರು ಕೇಳುತ್ತಾರೆ: ನೇಪಿಯರ್ ನೆಟ್ಟ ವರ್ಷ ಆಳು ಮುಚ್ಚುವ ಹಾಗೆ ಬಂದಿತ್ತು, ಈಗ ಮೊಣಕಾಲುದ್ದ ಬರಲೂ ತಿಣುಕುತ್ತಿದೆ, ತಂದ ಕಡ್ಡಿಯೇ ಸರಿಯಿರಲಿಲ್ಲವೇ? ಹೆಗ್ಗಡದೇವನಕೋಟೆ ಕಡೆಯ ಮೇಷ್ಟರೊಬ್ಬರ ಪ್ರಶ್ನೆ ಬೇರೆ: ಮಳೆಯೇನೋ ಬರುತ್ತದೆ, ಊರ ಗೋಮಾಳವೂ ಹಸಿರಾಗುತ್ತದೆ, ಆದರೆ ಆ ಹಸಿರಿಗೆ ದನ ಬಾಯಿ ಹಾಕುವುದಿಲ್ಲ, ಯಾಕೆ? ಇನ್ನು ಅಗ್ರಹಾರದ ನಮ್ಮ ಬೀದಿಯವರಿಗೆ ಹುಲ್ಲಿನ ಗೊಡವೆಯಿಲ್ಲ, ಹಾಲಿನದುಂಟು. ಹಾಲಿನ ದರ ಏರಿದಾಗಲೆಲ್ಲ ‘ಹುಲ್ಲು ತಿನ್ನುವ ದನಕ್ಕೆ ಇಷ್ಟೊಂದು ಖರ್ಚೆಲ್ಲಿಂದ ಬರುತ್ತದೆ’ ಎಂದು ಕೇಳುತ್ತಾರೆ. ಮೂವರಿಗೂ ಬೇರೆ ಬೇರೆ ಉತ್ತರ ಬರೆಯಬೇಕೆಂದು ಕೂತರೆ ಮೂರೂ ಸುತ್ತಿ ಬಳಸಿ ಒಂದೇ ಕಡೆಗೆ ಬಂದು ನಿಲ್ಲುತ್ತವೆ. ಹುಲ್ಲು ಸಾಯುವುದು ಬರೀ ನೀರಿಲ್ಲದೆ ಅಲ್ಲ, ಬಿಡುವಿಲ್ಲದೆಯೂ ಸಾಯುತ್ತದೆ. ಹವಾಮಾನ ಬದಲಾದಂತೆ ಅದಕ್ಕೆ ಹೆಚ್ಚು ಬಿಡುವು ಬೇಕಾಗಿದೆ. ಇದೇ ಹೊತ್ತಿಗೆ ನಾವು ಬಿಡುವು ಕೊಡಲು ಬೇಕಾದ ಜಾಗವನ್ನೇ ಕಳೆದುಕೊಂಡು ಕೂತಿದ್ದೇವೆ.

ಹುಲ್ಲು ಮೇಯಿಸಿಕೊಳ್ಳುವುದಕ್ಕೆಂದೇ ಹುಟ್ಟಿದ ಗಿಡ ಎಂದು ನಾವೆಲ್ಲ ತಿಳಿದಿದ್ದೇವೆ, ಅದು ತಪ್ಪೂ ಅಲ್ಲ. ಬೇರೆ ಗಿಡಗಳ ಕುಡಿ ತುದಿಯಲ್ಲಿರುತ್ತದೆ, ಆಡು ಅದನ್ನು ಕಚ್ಚಿದರೆ ಅಲ್ಲಿಗೆ ಬೆಳವಣಿಗೆ ನಿಂತಿತು. ಹುಲ್ಲಿನ ಕುಡಿ ಮಾತ್ರ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಮೇಲಿನ ಎಲೆಯನ್ನು ದನ ಎಳೆದು ತಿಂದರೂ ಕೆಳಗಿನಿಂದ ಮತ್ತೆ ಎಲೆ ಹೊರಡುತ್ತದೆ. ಇದರ ಪರಮಾವಧಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮ ಅಗ್ರಹಾರ ವೃತ್ತದ ನೂರೊಂದು ಗಣಪತಿ ದೇವಸ್ಥಾನದ ಮುಂದೆ ಕಟ್ಟು ಕಟ್ಟಿ ಮಾರುವ ಗರಿಕೆಯನ್ನು ನೋಡಿದರೆ ಸಾಕು. ನೆಲದ ಮೇಲೆ ಹರಿದುಹೋಗುವ ಬಳ್ಳಿ ಒಂದು, ನೆಲದೊಳಗೆ ಹರಿಯುವ ಕಾಂಡ ಇನ್ನೊಂದು, ಗೆಣ್ಣು ಗೆಣ್ಣಿಗೂ ಬೇರು. ದನ, ಕುರಿ, ಕಾಲ್ತುಳಿತ ಯಾವುದೂ ಅದರ ಕುಡಿಯನ್ನು ಮುಟ್ಟಲಾರದು. ಅಲ್ಲಿ ಗರಿಕೆ ಮಾರುವ ಹಿರಿಯ ಹೆಂಗಸೊಬ್ಬರನ್ನು ‘ಬೇಸಿಗೆಯಲ್ಲೂ ಇಷ್ಟು ಹಸಿರಾಗಿ ಎಲ್ಲಿ ಸಿಗುತ್ತದಮ್ಮಾ?’ ಎಂದು ಕೇಳಿದೆ. ‘ಇದುಕ್ಕೆಲ್ಲಿ ಸಾವದೆ ಟೀಚರಮ್ಮ? ಮೇಯ್ದ್ರೂ ಬತ್ತದೆ, ತುಳುದ್ರೂ ಬತ್ತದೆ. ಮಿಕ್ಕ ಹುಲ್ಲೇ ಇಲ್ಲ ಕಣವ್ವ ಈಗ’ ಎಂದರು. ಅವರು ಗರಿಕೆಯನ್ನು ಹೊಗಳುವ ಭರದಲ್ಲಿ ಹೇಳಿದ ಕೊನೆಯ ಮಾತೇ ಈ ಬರಹದ ವಿಷಯ. ಗರಿಕೆ ಉಳಿಯುತ್ತದೆ. ಆದರೆ ಮಳೆ ನಂಬಿದ ಗೋಮಾಳದಲ್ಲಿ ಅದು ಅಂಗೈ ಎತ್ತರಕ್ಕಿಂತ ಮೇಲೆ ಬರುವುದು ಕಷ್ಟ. ಹಾಲು ಕರೆಯುವ ಹಸುವಿನ ಹೊಟ್ಟೆ ತುಂಬಿಸಬೇಕಾದದ್ದು ಅದರ ಜೊತೆಗಿದ್ದ ಎತ್ತರದ, ಪೊದೆಯಾಗಿ ಬೆಳೆಯುವ ಹುಲ್ಲುಗಳು. ಹೋಗಿರುವುದು ಅವು.

ಅವು ಹೇಗೆ ಹೋದವು ಎಂಬುದನ್ನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದಾಗ ಮಕ್ಕಳಿಗೆ ಕುಂಡದಲ್ಲಿ ತೋರಿಸುತ್ತಿದ್ದೆ. ಒಂದೇ ಬುಡದಿಂದ ಸೀಳಿದ ಗಿನಿ ಹುಲ್ಲಿನ ಸಸಿಗಳನ್ನು ಎರಡು ಕುಂಡಗಳಲ್ಲಿ ನೆಡುವುದು. ಎರಡಕ್ಕೂ ಒಂದೇ ಮಣ್ಣು, ಅಷ್ಟೇ ನೀರು. ಒಂದನ್ನು ವಾರವಾರ ಮಣ್ಣಿನ ಮಟ್ಟಕ್ಕೆ ಕತ್ತರಿಸುತ್ತಾ ಹೋಗುವುದು, ಇನ್ನೊಂದನ್ನು ಮೊಳಕಾಲುದ್ದ ಬರುವ ತನಕ ಬಿಟ್ಟು ಮೇಲಿನ ಅರ್ಧ ಮಾತ್ರ ತೆಗೆಯುವುದು. ಮೊದಮೊದಲು ಮೇಲಿನಿಂದ ನೋಡಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ವಾರವಾರ ಕತ್ತರಿಸಿದ್ದೂ ಹಸಿರಾಗಿಯೇ ಇರುತ್ತದೆ. ಎರಡೂ ಕುಂಡಗಳನ್ನು ಬೋರಲು ಹಾಕಿ ಬಕೆಟ್ಟಿನ ನೀರಿನಲ್ಲಿ ಮಣ್ಣು ತೊಳೆದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬಿಡುವು ಸಿಕ್ಕ ಹುಲ್ಲಿನ ಬೇರು ಬಿಳಿಯಾಗಿ, ದಟ್ಟವಾಗಿ, ಕುಂಡದ ತಳ ಮುಟ್ಟಿ ಸುತ್ತು ಹಾಕಿಕೊಂಡಿರುತ್ತಿತ್ತು. ಇನ್ನೊಂದರದ್ದು ಕಂದು ಬಣ್ಣದ, ಮುಟ್ಟಿದರೆ ಮುರಿಯುವ ಒಂದು ಹಿಡಿ ನಾರು. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿ ಇದನ್ನೇ ಅಳೆದು ಪ್ರಕಟಿಸಿದರು. ಎಲೆಯ ಅರ್ಧದವರೆಗೆ ತೆಗೆದರೆ ಬೇರಿಗೆ ಅಂಥ ಬಾಧೆಯಿಲ್ಲ. ಅರ್ಧ ಮೀರಿದರೆ ಬೇರು ಬೆಳೆಯುವುದನ್ನು ನಿಲ್ಲಿಸತೊಡಗುತ್ತದೆ. ನೂರಕ್ಕೆ ಎಂಬತ್ತು–ತೊಂಬತ್ತು ಭಾಗ ತೆಗೆದಲ್ಲಿ ಬೇರಿನ ಬೆಳವಣಿಗೆ 12 ದಿನಗಳಿಂದ ಎರಡೂವರೆ ವಾರದವರೆಗೂ ಪೂರ್ತಿ ನಿಂತುಹೋಗಿತ್ತು. ಆ ನಿಂತ ಹೊತ್ತಿನಲ್ಲೇ ಇನ್ನೊಮ್ಮೆ ಮೇಯಿಸಿದರೆ?

ಬೇರು ಮತ್ತು ಬುಡ ಹುಲ್ಲಿನ ಕಣಜ. ಎಲೆ ಬಿಸಿಲಿನಲ್ಲಿ ದುಡಿದು ತಂದ ಸಕ್ಕರೆಯಲ್ಲಿ ಒಂದು ಪಾಲು ಅಲ್ಲಿಗೆ ಇಳಿಯುತ್ತದೆ. ಬೇಸಿಗೆ ಕಳೆಯುವುದು ಅದರಿಂದ, ಮೊದಲ ಮಳೆಗೆ ಚಿಗುರುವುದೂ ಅದರಿಂದ. ಹೊಸ ಮಳೆಗೆ ಹುಲ್ಲು ಪುಟಿದೇಳುತ್ತದಲ್ಲ, ಆಗ ಅದು ಸಾಲದಲ್ಲಿರುತ್ತದೆ. ಚಿಗುರಿಗೆ ಕೊಟ್ಟದ್ದನ್ನು ಚಿಗುರು ಇನ್ನೂ ಹಿಂತಿರುಗಿಸಿರುವುದಿಲ್ಲ. ಆ ಮೂರು ನಾಲ್ಕು ವಾರ ದನ ಬಾಯಿ ಹಾಕದಿದ್ದರೆ ವರ್ಷವಿಡೀ ಬದುಕುತ್ತದೆ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ಒಣಹುಲ್ಲು ತಿಂದು ಬೇಸತ್ತ ದನವನ್ನು ಮೊದಲ ಹಸಿರು ಕಂಡೊಡನೆ ಹೊಡೆದುಕೊಂಡು ಹೋಗುತ್ತೇವೆ. ಮೆದೆ ಖಾಲಿಯಾಗಿರುತ್ತದೆ, ಬೇರೆ ದಾರಿಯೂ ಇರುವುದಿಲ್ಲ. ಆ ರೈತನನ್ನು ದೂರುವ ಮನಸ್ಸು ನನಗಿಲ್ಲ, ಆದರೆ ಹುಲ್ಲಿನ ಲೆಕ್ಕ ಅದಕ್ಕೆ ಕಾಯುವುದಿಲ್ಲ.

ಇನ್ನೊಂದು ವಿಷಯವನ್ನು ನಾವು ಗಮನಿಸುವುದೇ ಕಡಿಮೆ. ವರ್ಷಾನುವರ್ಷ ಬಾಳುತ್ತದೆ ಎನ್ನುವ ಹುಲ್ಲಿನಲ್ಲಿ ವರ್ಷಾನುವರ್ಷ ಬಾಳುವ ಒಂದು ದಂಟೂ ಇರುವುದಿಲ್ಲ. ರಾಗಿ, ಭತ್ತ ತೆಂಡೆ ಒಡೆಯುವ ಹಾಗೆ ಹುಲ್ಲೂ ತೆಂಡೆ ಒಡೆಯುತ್ತದೆ. ಒಂದೊಂದು ತೆಂಡೆಯ ಆಯಸ್ಸು ಕೆಲವು ತಿಂಗಳು, ಹೆಚ್ಚೆಂದರೆ ವರ್ಷದ ಮೇಲೆ ಸ್ವಲ್ಪ. ಹಳೆಯದು ಸಾಯುವ ಮುಂಚೆ ಪಕ್ಕದಲ್ಲಿ ಹೊಸದು ಬಂದಿರಬೇಕು, ಹಾಗೆ ಬರುತ್ತಿದ್ದರೆ ಬುಡ ಶಾಶ್ವತವೆಂದು ತೋರುತ್ತದೆ. ಹೊಸ ತೆಂಡೆ ಬರಲು ಬುಡದಲ್ಲಿ ಕೂಡಿಟ್ಟ ಸಕ್ಕರೆ ಬೇಕು, ಬುಡಕ್ಕೆ ಬೆಳಕು ಬೇಕು, ಮಣ್ಣಿನಲ್ಲಿ ಪಸೆ ಬೇಕು. ಈ ಮೂರರಲ್ಲಿ ಒಂದು ತಪ್ಪಿದ ತಿಂಗಳುಗಳಲ್ಲಿ ಸಾವು ನಡೆಯುತ್ತದೆ, ಹುಟ್ಟು ನಿಲ್ಲುತ್ತದೆ. ಹಾಗಾಗಿ ಹುಲ್ಲುಗಾವಲು ಒಂದು ದಿನ ಸತ್ತುಬೀಳುವುದಿಲ್ಲ, ತೆಳುವಾಗುತ್ತಾ ಹೋಗುತ್ತದೆ. ಬುಡ ಬುಡದ ನಡುವೆ ಅಂಗೈಯಗಲ ಬರಿನೆಲ ಕಂಡರೆ ಅದು ಎಚ್ಚರಿಕೆ. ಆ ಬರಿನೆಲದ ಮೇಲೆ ಮಳೆ ಬಡಿದು ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಹರಿದುಹೋಗುತ್ತದೆ. ಮುಂದಿನ ಸಲ ಅಷ್ಟೇ ಮಳೆ ಬಂದರೂ ಹುಲ್ಲಿಗೆ ಸಿಗುವುದು ಅದಕ್ಕಿಂತ ಕಡಿಮೆ.

ಈಗ ಹವಾಮಾನಕ್ಕೆ ಬರೋಣ. ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರು. ಅದು ಎರಡು ಕಂತಿನಲ್ಲಿ ಬರುವ ಮಳೆ. ಅಶ್ವಿನಿ, ಭರಣಿ, ಕೃತ್ತಿಕೆಯ ಗುಡುಗು ಮಳೆ ಒಂದು ಕಂತು. ನಡುವೆ ಜೂನ್–ಜುಲೈಯಲ್ಲಿ ಕೊಡಗಿನ ಕಡೆಯಿಂದ ತೂರಿಬರುವ ಜಡಿ. ಆಮೇಲೆ ಉತ್ತರೆ, ಹಸ್ತ, ಚಿತ್ತೆಯ ಹಿಂಗಾರು. ನಮ್ಮ ಸೀಮೆಯ ಹುಲ್ಲುಗಳು ಈ ಲಯಕ್ಕೇ ಒಗ್ಗಿಕೊಂಡವು: ಮೇ ತಿಂಗಳಲ್ಲಿ ಚಿಗುರಿ, ನಡುವೆ ಬೇರಿಳಿಸಿ, ಅಕ್ಟೋಬರಿನ ಹೊತ್ತಿಗೆ ಬೀಜ ಕಟ್ಟಿ, ಸಂಕ್ರಾಂತಿಯ ವೇಳೆಗೆ ಒಣಗಿ ನಿಲ್ಲುತ್ತವೆ. ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಗಾಳಿ ಹೊರಬಲ್ಲ ತೇವ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಇದಕ್ಕೆ ಎರಡು ಮುಖ. ಸುರಿದಾಗ ಗಾಳಿ ಒಮ್ಮೆಲೇ ಸುರಿಯುತ್ತದೆ. ಸುರಿಯದಿದ್ದಾಗ ಮಣ್ಣಿನಿಂದ, ಎಲೆಯಿಂದ ಹೆಚ್ಚು ಹೀರುತ್ತದೆ. ವರ್ಷದ ಒಟ್ಟು ಮಳೆಯ ಅಂಕಿ ಅಷ್ಟೇ ಇದ್ದರೂ ಮಳೆ ಬಿದ್ದ ದಿನಗಳು ಕಡಿಮೆಯಾಗಿ, ನಡುವಿನ ಒಣ ಅಂತರಗಳು ಉದ್ದವಾದರೆ ಹುಲ್ಲಿಗೆ ಅದು ಬರವೇ. ‘ಈ ವರ್ಷ ಮಳೆ ಚೆನ್ನಾಗಿತ್ತಲ್ಲ’ ಎಂದು ನಾವು ಹೇಳುವಾಗ ಲೆಕ್ಕ ಹಾಕುವುದು ಕೆರೆಯನ್ನು ನೋಡಿ. ಕೆರೆ ಒಂದು ರಾತ್ರಿಯ ಮಳೆಗೂ ತುಂಬೀತು. ಹುಲ್ಲಿಗೆ ವಾರಕ್ಕೊಮ್ಮೆಯಾದರೂ ಪಸೆ ಕಾಣಬೇಕು.

ಬರಗಾಲ ಬಂದುಹೋದ ಮೇಲೂ ಹುಲ್ಲು ಯಾಕೆ ಚೇತರಿಸಿಕೊಳ್ಳುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮುಂದಿನ ವರ್ಷ ಮಳೆ ಬಂತು, ಜನ ನಿಟ್ಟುಸಿರು ಬಿಟ್ಟರು. ಆದರೆ ಬರದ ವರ್ಷ ಹುಲ್ಲು ಹೊಸ ತೆಂಡೆ ಒಡೆಯಲಿಲ್ಲ, ಬೀಜ ಕಟ್ಟಲಿಲ್ಲ, ಇದ್ದಬದ್ದದ್ದನ್ನು ದನ, ಕುರಿ ಬುಡಸಹಿತ ಕಿತ್ತು ತಿಂದಿದ್ದವು. ಮಳೆ ಬಂದಾಗ ಚಿಗುರಲು ಬುಡವೂ ಇಲ್ಲ, ಮೊಳೆಯಲು ಬೀಜವೂ ಇಲ್ಲ. ಇದರ ಮೇಲೆ ರಾತ್ರಿಯ ಸೆಕೆ. ಹಗಲು ಕಟ್ಟಿದ ಸಕ್ಕರೆಯನ್ನು ಗಿಡ ರಾತ್ರಿ ಉಸಿರಾಡುತ್ತಾ ಒಂದಷ್ಟು ಉರಿಸುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಉರಿಯುವುದು ಹೆಚ್ಚು, ಬುಡಕ್ಕೆ ಇಳಿಯುವುದು ಕಡಿಮೆ. ಬಿಸಿಲಿಗೆ ಹುಲ್ಲು ಬೇಗ ಬಲಿತು ದಂಟಾಗುವುದರಿಂದ ಅದರಲ್ಲಿನ ಸಾರವೂ ಇಳಿಯುತ್ತದೆ. ಅದೇ ಹೊರೆ, ಅದೇ ತೂಕ, ಹಾಲು ಮಾತ್ರ ಇಳಿಯುತ್ತದೆ.

ನಮ್ಮದು ಬಡ ಗೋಮಾಳ, ಅದಕ್ಕೇ ಹೀಗೆ ಎಂದುಕೊಳ್ಳುವವರಿಗಾಗಿ ನ್ಯೂಜಿಲೆಂಡಿನ ಮಾತು. ಹೈನುಗಾರಿಕೆಯೇ ದೇಶದ ಬೆನ್ನೆಲುಬು ಅಲ್ಲಿ, ಹಸುಗಳು ವರ್ಷವಿಡೀ ಬಯಲಲ್ಲೇ ಮೇಯುತ್ತವೆ. ಅಲ್ಲಿಯ ಮುಖ್ಯ ಹುಲ್ಲು ರೈಗ್ರಾಸ್, ಯುರೋಪಿನಿಂದ ಹೋದದ್ದು, ತಂಪು ಹವೆಯನ್ನು ಬಯಸುವಂಥದ್ದು. ಉತ್ತರ ದ್ವೀಪದ ವೈಕಾಟೊ ಎಂಬ ಹೈನು ಸೀಮೆಯಲ್ಲಿ 2007–08ರ ಬರಗಾಲದ ನಂತರ ರೈಗ್ರಾಸ್ ಹೊಲಗಳು ಕಂಡಕಂಡಲ್ಲಿ ಬೋಳಾದವು. 2012–13ರಲ್ಲಿ ಮತ್ತೊಂದು ಬರ. ಬೇಸಿಗೆಯ ಸೆಕೆಗೆ ಸೊರಗಿದ ಹುಲ್ಲನ್ನು ಹಸುಗಳು ನೆಲಮಟ್ಟಕ್ಕೆ ಮೇದವು, ಆಫ್ರಿಕಾ ಮೂಲದ ಕಪ್ಪು ದುಂಬಿಯ ಮರಿಗಳು ಬೇರು ತಿಂದವು. ತೆರವಾದ ಜಾಗಕ್ಕೆ ಬಿಸಿ ತಡೆಯುವ ಕಿಕುಯು ಹುಲ್ಲು, ಕಳೆ ಬಂದು ಸೇರಿಕೊಂಡವು. ಒಳ್ಳೆಯ ಬೀಜ, ಗೊಬ್ಬರ, ಬೇಲಿ, ವಿಜ್ಞಾನಿಗಳ ಸಲಹೆ ಎಲ್ಲ ಇದ್ದ ಕಡೆಯೂ ಹೊಲಗಳನ್ನು ಮತ್ತೆ ಮತ್ತೆ ಉತ್ತು ಬಿತ್ತಬೇಕಾಗಿದೆ. ಅಲ್ಲಿನ ತಜ್ಞರು ಕೊಡುವ ಸಲಹೆಗಳಲ್ಲಿ ಮುಖ್ಯವಾದದ್ದು ಏನು ಗೊತ್ತೇ? ಬರದ ದಿನಗಳಲ್ಲಿ ಹಸುಗಳನ್ನು ಹುಲ್ಲಿನ ಮೇಲಿಂದ ಎತ್ತಿ ಬೇರೆ ಕಡೆ ಕಟ್ಟಿ ಮೇವು ಹಾಕಿ, ಬುಡ ಉಳಿದರೆ ಹುಲ್ಲು ಉಳಿಯುತ್ತದೆ ಎಂದು.

ನಮ್ಮ ಹುಲ್ಲುಗಳು ರೈಗ್ರಾಸಿನಷ್ಟು ನಾಜೂಕಲ್ಲ. ಗರಿಕೆ, ಗಿನಿ, ನೇಪಿಯರ್, ಜೋಳ, ರಾಗಿ ಇವೆಲ್ಲ ಬಿಸಿನಾಡಿನ ಬಗೆಯವು. ಗಾಳಿಯ ಇಂಗಾಲವನ್ನು ಒಳಗೇ ಒಟ್ಟುಮಾಡಿಕೊಂಡು ಬಳಸುವ ವಿಶೇಷ ಏರ್ಪಾಡು ಅವುಗಳ ಎಲೆಯಲ್ಲಿದೆ, ಹಾಗಾಗಿ ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಇದೇ ಗುಣ ಈಗ ಅವುಗಳ ಕೈ ಕಟ್ಟಿಹಾಕಿದೆ. ಕೈಗಾರಿಕೆ ಶುರುವಾಗುವ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಹುಲ್ಲಿನ ಎಲೆಯೊಳಗೆ ಅದು ಮೊದಲೇ ಸಾಕಷ್ಟಿತ್ತು, ಹೆಚ್ಚಿದ್ದರಿಂದ ಅದಕ್ಕೆ ದೊಡ್ಡ ಲಾಭವಿಲ್ಲ. ಲಾಭ ಆ ಏರ್ಪಾಡಿಲ್ಲದ ಪೊದೆ, ಮರ, ಕಳೆಗಳಿಗೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ಆಳೆತ್ತರ ಹಬ್ಬಿದ ಲಂಟಾನ, ಬಯಲುಸೀಮೆಯ ಬಳ್ಳಾರಿ ಜಾಲಿ, ಎಲ್ಲೆಲ್ಲೂ ಇರುವ ಪಾರ್ಥೇನಿಯಂ ಇವುಗಳ ಹಬ್ಬುವಿಕೆಗೆ ಕಾರಣ ಹಲವು, ಈ ಇಂಗಾಲವೂ ಒಂದು. ಬಿಳಿಗಿರಿಯ ಸೋಲಿಗರು ಬೇರೊಂದು ಕಾರಣವನ್ನೂ ಹೇಳುತ್ತಾ ಬಂದಿದ್ದಾರೆ. ವರ್ಷದ ಮೊದಲಿಗೆ, ಎಲೆ ಪೂರ್ತಿ ಒಣಗುವ ಮುಂಚೆ ಅವರು ಇಡುತ್ತಿದ್ದ ತಣ್ಣನೆಯ ತರಗು ಬೆಂಕಿ ಹುಲ್ಲಿಗೆ ಜಾಗ ಮಾಡಿಕೊಡುತ್ತಿತ್ತು, ಪೊದೆಯ ಸಸಿಗಳನ್ನು ತಡೆಯುತ್ತಿತ್ತು; ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಏರಿತು ಎಂದು. ಕಾಡಿನೊಡನೆ ಬದುಕಿದವರ ಮಾತನ್ನು ಸಸ್ಯಶಾಸ್ತ್ರಜ್ಞರು ಗಂಭೀರವಾಗಿ ಕೇಳಿಸಿಕೊಳ್ಳಲು ತಡವಾಯಿತು ಎಂಬ ಬೇಸರ ನನಗಿದೆ.

ಕೋಟೆಯ ಮೇಷ್ಟರ ಪ್ರಶ್ನೆಗೆ ಈಗ ನೇರವಾಗಿ ಬರಬಹುದು. ಮೇಯಿಸುವ ನೆಲದಲ್ಲಿ ಮೊದಲು ಹೋಗುವುದು ದನಕ್ಕೆ ತುಂಬ ಇಷ್ಟವಾದ ಹುಲ್ಲು, ಯಾಕೆಂದರೆ ಅದನ್ನೇ ಹುಡುಕಿ ಹುಡುಕಿ ತಿನ್ನುತ್ತದೆ. ದಬಡ್‌ಘಾವ್ ಮತ್ತು ಶಂಕರನಾರಾಯಣ್ ಎಂಬ ವಿಜ್ಞಾನಿಗಳು ಇಡೀ ದೇಶದ ಹುಲ್ಲುಗಾವಲುಗಳನ್ನು ಸಮೀಕ್ಷೆ ಮಾಡಿ 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ದಖ್ಖನ್ ಸೀಮೆಯನ್ನು ಸೆಹಿಮಾ–ಡೈಕಾಂಥಿಯಂ ಹುಲ್ಲುಗಳ ನಾಡೆಂದು ಗುರುತಿಸಿದ್ದಾರೆ. ಎರಡೂ ಆಳಕ್ಕೆ ಬೇರು ಬಿಡುವ, ಹಲವು ವರ್ಷ ಬಾಳುವ, ಒಳ್ಳೆಯ ಮೇವಿನ ಹುಲ್ಲುಗಳು. ಮೇತ ಹೆಚ್ಚಾದಂತೆ ಇವು ಸರಿದು ಈಟಿಯಂಥ ಬೀಜ ಬಟ್ಟೆಗೆ ಚುಚ್ಚಿಕೊಳ್ಳುವ ಹುಲ್ಲುಗಳು ಬರುತ್ತವೆ. ಆಮೇಲೆ ಒಂದು ಮಳೆಗೆ ಹುಟ್ಟಿ ಅದೇ ವರ್ಷ ಸಾಯುವ ಬಡಕಲು ಹುಲ್ಲು. ಕೊನೆಗೆ ದನ ಮೂಸಿಯೂ ನೋಡದ ಕಳೆ. ಪಾರ್ಥೇನಿಯಂ ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯ ಹತ್ತಿರ. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಆಯಿತು. ದುಂಬಿ ತಿನ್ನುತ್ತದೆ, ಆದರೆ ಕಳೆ ಅದಕ್ಕಿಂತ ಬೇಗ ಹುಟ್ಟುತ್ತದೆ. ಹಸಿವು ತಾಳದೆ ದನ ಪಾರ್ಥೇನಿಯಂ ಮೇದರೆ ಹಾಲೇ ಕಹಿಯಾಗುವುದುಂಟು. ಮೇಷ್ಟರೇ, ನಿಮ್ಮೂರ ಗೋಮಾಳ ಹಸಿರಾಗಿರುವುದು ಚೇತರಿಸಿಕೊಂಡಿರುವುದರ ಗುರುತಲ್ಲ, ಮೆಟ್ಟಿಲಿಳಿದು ಕೊನೆಗೆ ಬಂದಿರುವುದರ ಗುರುತು.

ಬಿಡುವು ಕೊಡುವ ವಿದ್ಯೆ ನಮಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ (1673–1704) ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಗಿ ಬೆಳೆದ ಆ ದನಗಳ ಇಲಾಖೆ, ಮೈಸೂರು ಸೀಮೆಯುದ್ದಕ್ಕೂ ಮೇವಿನ ಕಾವಲುಗಳನ್ನು ಇಟ್ಟುಕೊಂಡಿತ್ತು. ಮುಂದೆ ನಮ್ಮ ಜಿಲ್ಲೆಯ ಹುಣಸೂರೇ ಅದರ ಮುಖ್ಯ ಠಾಣೆಯಾಯಿತು. ಆ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ನೀರು, ನೆರಳು ಇದ್ದು ಬೇಸಿಗೆಗೂ ಹಸಿ ಉಳಿಯುವವು ಬೇಸಿಗೆಗೆ ಮೀಸಲು. ಹಿಂಡುಗಳು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಇದನ್ನು ಆಡಳಿತದ ಅನುಕೂಲಕ್ಕೆ ಮಾಡಿದ ವಿಂಗಡಣೆ ಎಂದು ಇತಿಹಾಸ ಓದುವವರು ದಾಟಿಹೋಗುತ್ತಾರೆ. ಹುಲ್ಲಿನ ಕಡೆಯಿಂದ ನೋಡಿ. ಒಂದು ಕಾವಲಿನಲ್ಲಿ ದನವಿದ್ದರೆ ಉಳಿದೆರಡು ಕಡೆ ತಿಂಗಳುಗಟ್ಟಲೆ ಬಿಡುವು. ತೆಂಡೆ ಒಡೆಯಲು, ಬೀಜ ಉದುರಲು, ಬೇರಿಳಿಯಲು ಸಮಯ. ಅಮೃತ ಮಹಲ್ ಎತ್ತುಗಳ ದಾಪುಗಾಲಿನ ಕೀರ್ತಿ ಎಲ್ಲರಿಗೂ ಗೊತ್ತು. ಆ ಕಾಲುಗಳ ಕೆಳಗಿನ ಹುಲ್ಲನ್ನು ಕಾದವರ ಜಾಣ್ಮೆಗೆ ನನ್ನ ಗೌರವ ಅದಕ್ಕಿಂತ ಒಂದು ಹಿಡಿ ಹೆಚ್ಚು. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡುಗಳನ್ನೇ ಮಾರಿದ ಬ್ರಿಟಿಷ್ ಸರ್ಕಾರ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಲು ಹೊರಟಿತು. ಹಿಂಡು ಕಟ್ಟಬಹುದು, ಕೈಬಿಟ್ಟ ಕಾವಲನ್ನು ಹಿಂದಕ್ಕೆ ತರುವುದು ಅಷ್ಟು ಸುಲಭವಲ್ಲ. ನಮ್ಮ ಕಾಲದಲ್ಲಿ ಚಳ್ಳಕೆರೆಯ ಸುಮಾರು 10,000 ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಹೋಯಿತು.

ಹಳ್ಳಿಯ ಮಟ್ಟದಲ್ಲಿ ಕಾವಲಿನ ಕೆಲಸ ಮಾಡಬೇಕಾದದ್ದು ಗೋಮಾಳ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಇರಬೇಕೆನ್ನುತ್ತದೆ. ಕಾಗದದ ಮೇಲೆ ಹಲವು ಊರುಗಳಲ್ಲಿ ಇದೆ ಕೂಡ. ನೆಲದ ಮೇಲೆ ಅದರಲ್ಲಿ ನಿವೇಶನ ಬಂದಿದೆ, ಆಶ್ರಯ ಮನೆ ಬಂದಿದೆ, ಕಲ್ಲು ಕ್ವಾರಿ ಬಂದಿದೆ, ಬಗರ್ ಹುಕುಂ ಸಾಗುವಳಿ ಬಂದಿದೆ, ಹಸಿರೀಕರಣದ ಹೆಸರಿನಲ್ಲಿ ನೀಲಗಿರಿ, ಅಕೇಶಿಯ ಬಂದಿದೆ. ತುಂಡು ನೆಲವಿಲ್ಲದವರು ಒಂದೆಕರೆ ಉತ್ತುಕೊಂಡರೆ ಅದು ಬದುಕಿನ ಪ್ರಶ್ನೆ, ಅವರ ಮೇಲೆ ನನ್ನ ಕೋಪವಿಲ್ಲ. ಹತ್ತಾರು ಎಕರೆಗೆ ತಂತಿಬೇಲಿ ಹಾಕಿಕೊಂಡವರ ಮೇಲೆ ಖಂಡಿತ ಇದೆ. ಊರಿನ ಸಾಮೂಹಿಕ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತ್ತು. ಉಳಿದಿರುವ ಚೂರು ನೆಲದ ಮೇಲೆ ಊರ ದನವೆಲ್ಲ ವರ್ಷದ ಎಲ್ಲ ದಿನ ನಿಂತರೆ, ಅಲ್ಲಿ ಹುಲ್ಲಿಗೆ ಬಿಡುವು ಎಲ್ಲಿಂದ ಸಿಗಬೇಕು? ಹವೆ ಚೆನ್ನಾಗಿದ್ದ ಕಾಲದಲ್ಲಿ ಒಂದು ತಿಂಗಳ ಬಿಡುವು ಸಾಕಿತ್ತೇನೋ. ಈಗ ನಡುವೆ ಒಣ ಅಂತರ ಬಿದ್ದರೆ ಎರಡು ತಿಂಗಳೂ ಸಾಲದು.

ಗೋಮಾಳ ಹೋದ ಮೇಲೆ ಬಂದದ್ದು ನೇಪಿಯರ್. ಹಾಲಿನ ಸಹಕಾರ ಸಂಘಗಳು ಹಳ್ಳಿಹಳ್ಳಿಗೆ ಬಂದು, ಮನೆಮನೆಗೆ ಮಿಶ್ರತಳಿ ಹಸು ಬಂದು, ಅದರ ಹಸಿವಿಗೆ ಸಜ್ಜೆ–ನೇಪಿಯರ್ ಬೆರಕೆಯ ಸಿಒ–3, ಸಿಒ–4 ಹುಲ್ಲುಗಳು ಬಂದವು. ನೀರಿದ್ದರೆ ಹತ್ತು ಗುಂಟೆಯಲ್ಲಿ ಬೆಳೆದದ್ದು ಹಸುವಿಗೆ ವರ್ಷವಿಡೀ ಆದೀತು, ಆ ಹುಲ್ಲಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 45 ದಿನಕ್ಕೊಮ್ಮೆ ಅಷ್ಟು ಸೊಪ್ಪನ್ನು ಹೊತ್ತು ಕೊಟ್ಟಿಗೆಗೆ ಸಾಗಿಸುವಾಗ ಮಣ್ಣಿನ ಸಾರಜನಕ, ಪೊಟ್ಯಾಷ್ ಅದರ ಜೊತೆ ಹೋಗುತ್ತವೆ. ಮೇಯುವ ದನ ಸಗಣಿ, ಗಂಜಲವನ್ನು ಅಲ್ಲೇ ಬಿಟ್ಟುಹೋಗುತ್ತಿತ್ತು. ಕಟ್ಟಿ ಮೇಯಿಸುವ ಕಡೆ ಸಗಣಿ ತಿಪ್ಪೆಗೆ ಹೋಗುತ್ತದೆ, ತಿಪ್ಪೆಗೊಬ್ಬರ ರಾಗಿ, ತೆಂಗಿಗೆ ಹೋಗುತ್ತದೆ, ಗಂಜಲ ಮೋರಿಗೆ. ಹುಲ್ಲಿನ ಸಾಲಿಗೆ ಅದರ ಪಾಲು ಹಿಂತಿರುಗುವುದಿಲ್ಲ. ಹಳೆಯ ನೇಪಿಯರ್ ಬುಡವೊಂದನ್ನು ಬಗ್ಗಿ ಬಿಡಿಸಿ ನೋಡಿ. ನಡುವೆ ಕಪ್ಪಾದ, ಟೊಳ್ಳಾದ ಹಳೆಯ ಕೂಳೆ, ಸುತ್ತ ಉಂಗುರದ ಹಾಗೆ ನಾಲ್ಕಾರು ಸಣ್ಣ ತೆಂಡೆ, ಅವುಗಳ ಬೇರು ಮಣ್ಣಿಗಿಂತ ಮೇಲಕ್ಕೆದ್ದು ಗಾಳಿಯಲ್ಲಿ. ವರುಣಾದವರ ಹೊಲದಲ್ಲಿ ಆಗಿರುವುದು ಇದೇ ಎಂದು ನನ್ನ ಊಹೆ. ಕಡ್ಡಿ ಕೆಟ್ಟದ್ದಿರಲಾರದು, ಮೊದಲ ವರ್ಷ ಅದು ಆಳು ಮುಚ್ಚಿತ್ತಲ್ಲ.

ನಮ್ಮ ಅಗ್ರಹಾರದ ಹಿತ್ತಿಲುಗಳಲ್ಲಿ ಹಸು ಇದ್ದ ಕಾಲ ನನಗೆ ಗೊತ್ತು. ದನ ಕಾಯುವವರು ಬೆಳಗ್ಗೆ ಬಂದು ಬಿಡಿಸಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಹಸುಗಳು ತಾವೇ ತಮ್ಮ ಮನೆ ಗುರುತು ಹಿಡಿದು ಒಳಗೆ ಬರುತ್ತಿದ್ದವು. ಮೇತಕ್ಕೆ ಬೆಟ್ಟದ ತಪ್ಪಲಿತ್ತು, ಕೆರೆಯಂಗಳವಿತ್ತು, ಊರಾಚೆಯ ಬಯಲಿತ್ತು. ಆ ಬಯಲುಗಳೆಲ್ಲ ಇಂದು ಬಡಾವಣೆಗಳು. ಈಗಲೂ ನಗರದಲ್ಲಿ ಹಸು ಕಟ್ಟಿರುವವರು ಹುಲ್ಲನ್ನು ಹೊರೆಯ ಲೆಕ್ಕದಲ್ಲಿ ಕೊಳ್ಳುತ್ತಾರೆ, ಸಾಲದ್ದಕ್ಕೆ ಹಿಂಡಿ, ಬೂಸಾ. ಹಳ್ಳಿಯಲ್ಲೂ ಲೆಕ್ಕ ಬೇರೆಯಲ್ಲ. ಪುಕ್ಕಟೆ ಸಿಗುತ್ತಿದ್ದ ಮೇತದ ಜಾಗಕ್ಕೆ ದುಡ್ಡು ಕೊಟ್ಟು ತರುವ ಮೇವು ಬಂದಾಗ ಅದರ ಭಾರ ನಂದಿನಿ ಪೊಟ್ಟಣದ ಮೇಲೆ ಬೀಳದೆ ಇರುವುದಿಲ್ಲ. ಹಾಲಿನ ದರ ಏರಿತೆಂದು ನಮ್ಮ ಬೀದಿಯಲ್ಲಿ ಗೊಣಗುವಾಗ ಎಲ್ಲೋ ಒಂದು ಗೋಮಾಳ ಬೋಳಾದದ್ದರ ಖರ್ಚೂ ಅದರಲ್ಲಿದೆ ಎಂದು ನೆನಪಿಟ್ಟುಕೊಂಡರೆ ನನಗೆ ಸಮಾಧಾನ.

ಏನು ಮಾಡಬಹುದು ಎಂದು ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಗೋಮಾಳ ಉಳಿದಿರುವ ಊರಿನವರು ಅದನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿಗೆ ಭರಣಿ ಮಳೆಯಿಂದ ಹಿಂಗಾರಿನ ಬೀಜ ಉದುರುವ ತನಕ ದನ ಬಿಡದೆ ಕಾಯುವ ನಿರ್ಧಾರವನ್ನು ಗ್ರಾಮಸಭೆಯಲ್ಲಿ ಮಾಡಬಹುದು. ಆ ಪಾಲಿನ ಹುಲ್ಲು ವ್ಯರ್ಥವಾಗುವುದಿಲ್ಲ, ಬೀಜ ಉದುರಿದ ಮೇಲೆ ಕೊಯ್ದು ಮನೆಮನೆಗೆ ಹಂಚಿಕೊಳ್ಳಬಹುದು. ಪಾರ್ಥೇನಿಯಂ ಕೀಳುವುದಾದರೆ ಹೂ ಬಿಡುವ ಮುಂಚೆ, ಮಣ್ಣು ಹಸಿಯಿರುವಾಗ, ಕೈಗೆ ಗವಸು ಹಾಕಿಕೊಂಡು ಕೀಳಬೇಕು. ಕಿತ್ತ ಜಾಗವನ್ನು ಬರಿದಾಗಿ ಬಿಟ್ಟರೆ ಮತ್ತೆ ಅದೇ ಬರುತ್ತದೆ, ಅಂಜನ್ ಹುಲ್ಲಿನ ಬೀಜವನ್ನೋ ಸ್ಟೈಲೋ ಬೀಜವನ್ನೋ ಮಣ್ಣು, ಸಗಣಿಯೊಂದಿಗೆ ಉಂಡೆ ಮಾಡಿ ಎರಚಬೇಕು. ಬೀಜ ಮತ್ತು ಸಲಹೆಗೆ ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಮಳೆಗಾಲದಲ್ಲಿ ಹೆಚ್ಚಾದ ಜೋಳ, ನೇಪಿಯರನ್ನು ರಸಮೇವು ಮಾಡಿ ಮುಚ್ಚಿಟ್ಟರೆ ಮುಂದಿನ ಮೇ ತಿಂಗಳಲ್ಲಿ ದನವನ್ನು ಎಳೆಚಿಗುರಿನ ಮೇಲೆ ಬಿಡುವ ಅನಿವಾರ್ಯವೂ ತಪ್ಪುತ್ತದೆ.

ವರುಣಾದವರೇ, ನಿಮ್ಮ ನೇಪಿಯರಿಗೆ ಈ ಮಳೆಯಲ್ಲೇ ಕೈ ಹಾಕಿ. ಸಾಲು ಬಿಟ್ಟು ಸಾಲು ಬುಡ ಕೀಳಿ, ಟೊಳ್ಳಾದ ನಡುವನ್ನು ತೆಗೆದು ಅಂಚಿನ ಗಟ್ಟಿ ತೆಂಡೆಗಳನ್ನು ಮಾತ್ರ ಬೇರುಸಹಿತ ಬಿಡಿಸಿ ಹೊಸ ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ ನೆಡಿ. ಉಳಿದ ಸಾಲುಗಳನ್ನು ಮುಂದಿನ ವರ್ಷ ಹೀಗೇ ಮಾಡಿದರೆ ಹಸುವಿಗೆ ಮೇವು ನಿಲ್ಲುವುದಿಲ್ಲ. ನಡುವೆ ಬೇಲಿಮೆಂತೆಯ ಸಾಲು ಹಾಕಿದರೆ ಸಾರಜನಕವನ್ನು ಅದು ತರುತ್ತದೆ, ಹಸುವಿಗೂ ಹಿತ. ಪ್ರತಿ ಕೊಯ್ಲಿನ ಮೇಲೆ ಕೊಟ್ಟಿಗೆ ತೊಳೆದ ನೀರನ್ನು ಹುಲ್ಲಿನ ಸಾಲಿಗೇ ತಿರುಗಿಸಿ. ಕೊಯ್ಯುವಾಗ ಕುಡುಗೋಲು ನೆಲ ಸವರದಿರಲಿ, ನಾಲ್ಕು ಬೆರಳಿನಷ್ಟಾದರೂ ಕೂಳೆ ಬಿಡಿ. ನೆಟ್ಟ ಮೇಲೆ ಮೊದಲ ಕೊಯ್ಲಿಗೆ 75 ದಿನ ಕಾಯಿರಿ, ಹಸು ಎಷ್ಟೇ ಕೂಗಿದರೂ.